ಮೆಲನೋಮದ ಬಿ-ರಾಫ್ ಮ್ಯುಟೇಶನ್ ಒಂದೇ ಆದರೂ ಎರಡು ಮಾತ್ರೆ ಯಾಕೆ ಕೊಡುತ್ತಾರೆ?

ನಿಮ್ಮ ತಂದೆಯವರ ಮೆಲನೋಮ (ಬಣ್ಣ ತಯಾರಿಸುವ ಜೀವಕೋಶಗಳ ಚರ್ಮದ ಕ್ಯಾನ್ಸರ್) ವರದಿಯಲ್ಲಿ ‘ಬಿ-ರಾಫ್ ವಿ600ಇ ಪಾಸಿಟಿವ್’ ಅಂತಿದೆ, ಅಂದರೆ ಬಿ-ರಾಫ್ ಎಂಬ ಜೀನಿನಲ್ಲಿ ಮ್ಯುಟೇಶನ್, ಅಂದರೆ ಬದಲಾವಣೆ, ಆಗಿದೆ; ಡಾಬ್ರಾಫೆನಿಬ್ ಮಾತ್ರೆಯ ಜೊತೆ ಟ್ರಾಮೆಟಿನಿಬ್ ಮಾತ್ರೆ ಬರೆದಿದ್ದಾರೆ. ಎರಡು ಯಾಕೆ, ಈ ಮ್ಯುಟೇಶನ್ ನಮಗೂ ಬರುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಆತಂಕದ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಇದು ಹುಟ್ಟಿನಿಂದ ಬಂದದ್ದಲ್ಲ. ಚರ್ಮದ ಬಣ್ಣ ತಯಾರಿಸುವ ಯಾವುದೋ ಒಂದು ಜೀವಕೋಶದಲ್ಲಿ ನಡುವೆ ಆದ ಬದಲಾವಣೆ, ಮಕ್ಕಳಿಗೆ ದಾಟುವುದಿಲ್ಲ. ಮನೆಯಲ್ಲಿ ಹಲವರಿಗೆ ಮೆಲನೋಮ ಆಗಿದ್ದರೆ ಮಾತ್ರ ಸಿಡಿಕೆಎನ್2ಎ ಎಂಬ ಜೀನಿನ ಪರೀಕ್ಷೆಯ ಬಗ್ಗೆ ವಿಚಾರಿಸಿ; ಅದರ ದೋಷ ವಂಶದಲ್ಲಿ ದಾಟಬಲ್ಲದು.

‘ಬೆಳೆ’ ಎಂಬ ಸಂಕೇತ ಹೊರಗಿನಿಂದ ಬಂದಾಗ ಅದು ರಾಸ್, ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನ್‌ಗಳ ಕೈಯಿಂದ ಕೈಗೆ ದಾಟಿ ನ್ಯೂಕ್ಲಿಯಸ್ ಸೇರುತ್ತದೆ. ಸಂಕೇತ ನಿಂತರೆ ರಾಫ್ ಕೂಡ ಸುಮ್ಮನಾಗಬೇಕು. ನಿಮ್ಮ ತಂದೆಯವರ ಗೆಡ್ಡೆಯ ಡಿಎನ್‌ಎಯಲ್ಲಿ ಜಿಟಿಜಿ ಇರಬೇಕಾದ ಕಡೆ ಜಿಎಜಿ ಇದೆ. ತಪ್ಪಿರುವುದು ಒಂದೇ ಅಕ್ಷರ. ಅಷ್ಟಕ್ಕೇ 766 ಅಮೈನೋ ಆಮ್ಲಗಳ ಬಿ-ರಾಫ್‌ನಲ್ಲಿ 600ನೆಯ ಜಾಗದ ವ್ಯಾಲಿನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದು ಕೂರುತ್ತದೆ. ವ್ಯಾಲಿನ್ ಒಳಗೆ ಹುದುಗಿ ಪ್ರೋಟೀನನ್ನು ಬೀಗ ಹಾಕಿದಂತೆ ಹಿಡಿದಿಟ್ಟಿರುತ್ತದೆ. ವಿದ್ಯುದಂಶವಿರುವ ಗ್ಲುಟಾಮಿಕ್ ಆಮ್ಲ ಆ ಸಂದಿಯಲ್ಲಿ ಕೂರಲಾರದು. ಬೀಗ ಬಿಚ್ಚಿಕೊಂಡ ಬಿ-ರಾಫ್, ರಾಸ್ ಹೇಳಲಿ ಬಿಡಲಿ, ಸಂಕೇತ ಕಳಿಸುತ್ತಲೇ ಇರುತ್ತದೆ.

ಆದರೂ ಇದೊಂದರಿಂದಲೇ ಕ್ಯಾನ್ಸರ್ ಆಗುವುದಿಲ್ಲ. ನಿರಪಾಯಕಾರಿ ಮಚ್ಚೆಗಳಲ್ಲೂ ಹೆಚ್ಚಿನವುಗಳಲ್ಲಿ ಇದೇ ವಿ600ಇ ಸಿಗುತ್ತದೆ. ಅವು ಸ್ವಲ್ಪ ಬೆಳೆದು ನಿಂತುಬಿಡುತ್ತವೆ, ಯಾಕೆಂದರೆ ಜೀವಕೋಶ ಒಡೆದು ಹೆಚ್ಚುವುದನ್ನು ತಡೆಯುವ ಪಿ16 ಪ್ರೋಟೀನ್‌ನಂಥ ಬ್ರೇಕುಗಳು ಸರಿಯಿರುತ್ತವೆ. ಆ ಬ್ರೇಕುಗಳೂ ಕೆಟ್ಟಾಗ ಮೆಲನೋಮ.

ಈಗ ಎರಡು ಮಾತ್ರೆಯ ವಿಚಾರ. ಡಾಬ್ರಾಫೆನಿಬ್ ಒಂಟಿಯಾಗಿ ಕೆಲಸ ಮಾಡುವ ವಿ600ಇ ರಾಫ್ ಅನ್ನು ಚೆನ್ನಾಗಿ ತಡೆಯುತ್ತದೆ. ತೊಂದರೆ ಶುರುವಾಗುವುದು ಎರ್ಕ್ ಕುಸಿದ ಮೇಲೆ. ಎರ್ಕ್ ಚುರುಕಾಗಿದ್ದಷ್ಟು ಹೊತ್ತು ಹಿಂದಿರುಗಿ ರಾಸ್‌ಗೆ ಕಡಿವಾಣ ಹಾಕುತ್ತಿರುತ್ತದೆ; ಅದು ಸಡಿಲವಾದಾಗ ರಾಸ್ ಎದ್ದು ರಾಫ್‌ಗಳನ್ನು ಜೋಡಿ ಮಾಡುತ್ತದೆ. ಜೋಡಿಯಲ್ಲಿ ಒಂದಕ್ಕೆ ಮದ್ದು ಅಂಟಿದರೆ ಇನ್ನೊಂದು ಮತ್ತಷ್ಟು ಚುರುಕಾಗುತ್ತದೆ! ಆರೋಗ್ಯವಂತ ಚರ್ಮದಲ್ಲೂ ಹೀಗಾಗುವುದರಿಂದ, ಈ ಬಗೆಯ ಮಾತ್ರೆ ಒಂದನ್ನೇ ಕೊಟ್ಟಾಗ ಕೆಲವರಿಗೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂಬ ಬೇರೆಯೇ ಚರ್ಮದ ಕ್ಯಾನ್ಸರ್ ಹುಟ್ಟಿತು. ಟ್ರಾಮೆಟಿನಿಬ್ ಒಂದು ಮೆಟ್ಟಿಲು ಕೆಳಗೆ, ಮೆಕ್ ಬಳಿಯೇ ದಾರಿ ಕಟ್ಟುತ್ತದೆ. ಹಾಗಾಗಿ ಎರಡೂ ಸೇರಿದಾಗ ಗೆಡ್ಡೆ ಹೆಚ್ಚು ಕಾಲ ಹತೋಟಿಯಲ್ಲಿರುತ್ತದೆ, ಹೊಸ ಗಂಟುಗಳೂ ಕಡಿಮೆ. ಎಷ್ಟೋ ಜನರಲ್ಲಿ ಕಾಲಕ್ರಮೇಣ ಗೆಡ್ಡೆ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ ಎಂಬುದೂ ನಿಜ: ಎನ್‌ರಾಸ್ (ರಾಸ್‌ಗಳಲ್ಲಿ ಒಂದು) ಮ್ಯುಟೇಶನ್, ಬಿ-ರಾಫ್ ಜೀನಿನ ಪ್ರತಿಗಳು ಹೆಚ್ಚುವುದು, ಬೆಳವಣಿಗೆಗೆ ಇನ್ನೊಂದು ಬ್ರೇಕಾದ ಪಿಟೆನ್ ನಷ್ಟ.

ಅದಕ್ಕೇ ವೈದ್ಯರನ್ನು ಒಂದು ಮಾತು ಕೇಳಿ: ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಗೆಡ್ಡೆಯ ಮೇಲೆ ಎಬ್ಬಿಸುವ ಚಿಕಿತ್ಸೆ) ಮೊದಲಾ, ಮಾತ್ರೆ ಮೊದಲಾ? ಹರಡಿದ ವಿ600 ಮೆಲನೋಮದಲ್ಲಿ ನಿವೊಲುಮಾಬ್–ಇಪಿಲಿಮುಮಾಬ್ ಎಂಬ ಇಮ್ಯುನೋಥೆರಪಿ ಜೋಡಿಯಿಂದ ಆರಂಭಿಸಿದವರಲ್ಲಿ, ಈ ಮಾತ್ರೆಗಳಿಂದ ಆರಂಭಿಸಿದವರಿಗಿಂತ, ಹೆಚ್ಚು ಜನ ಎರಡು ವರ್ಷ ದಾಟಿದ್ದು ಟ್ರಯಲ್‌ನಲ್ಲಿ ಕಂಡಿದೆ. ರೋಗ ವೇಗವಾಗಿ ಏರುತ್ತಿದ್ದರೆ ಬೇಗ ಹಿಡಿತ ತರುವ ಮಾತ್ರೆಯನ್ನೇ ಮೊದಲು ಕೊಡಲು ಕಾರಣವಿರುತ್ತದೆ.

ಮಾತ್ರೆಯೇ ನಿಶ್ಚಯವಾದರೆ, ಸಾಮಾನ್ಯ ಡೋಸ್ ಡಾಬ್ರಾಫೆನಿಬ್ 150 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಟ್ರಾಮೆಟಿನಿಬ್ 2 ಮಿಲಿಗ್ರಾಂ ಒಂದು ಬಾರಿ. ಎರಡನ್ನೂ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದ ಮೇಲೆ ತೆಗೆದುಕೊಳ್ಳಬೇಕು; ಹೊಟ್ಟೆ ತುಂಬಿದ್ದರೆ ಮದ್ದು ಸರಿಯಾಗಿ ಹೀರಲ್ಪಡುವುದಿಲ್ಲ. ಟ್ರಾಮೆಟಿನಿಬ್ ಮಾತ್ರೆ ಫ್ರಿಜ್‌ನಲ್ಲಿರಲಿ. ಶುರುವಿಗೆ ಮೊದಲು ಹೃದಯದ ಎಕೋ (ಸ್ಕ್ಯಾನ್) ಆಗಿದೆಯಾ ನೋಡಿ, ಕಣ್ಣು ಮಂಜಾದರೆ ತಡಮಾಡಬೇಡಿ. ಈ ಜೋಡಿಯಲ್ಲಿ ಜ್ವರ ತುಂಬಾ ಸಾಮಾನ್ಯ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ, ಮುಂದಿನ ಡೋಸ್ ಕೊಡುವ ಮೊದಲೇ, ವೈದ್ಯರಿಗೆ ಫೋನ್ ಮಾಡಿ.