ಹುಟ್ಟುಹಬ್ಬಕ್ಕೆ ಜೆಸಿಬಿ ಬೇಕಂತೆ!

ಬೀದಿಯಲ್ಲಿ ಚರಂಡಿ ತೋಡುತ್ತಿದ್ದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಹುಟ್ಟುಹಬ್ಬಕ್ಕೂ ಅದೇ ಬೇಕು ಅನ್ನುತ್ತವೆ. ‘ಕಾಮಗಾರಿ’ ಅಲಂಕಾರವನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಕರಕುಶಲ ವಿಭಾಗದ ಉತ್ತರಗಳು ಇಲ್ಲಿವೆ.

ಮಗನಿಗೆ ನಾಲ್ಕು ತುಂಬುತ್ತದೆ. ಫ್ರಿಜ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಇದೆ. ಅದರಲ್ಲಿ ನಿಲ್ಲಿಸುವಂಥ ಜೆಸಿಬಿ ಮಾಡಬೇಕು, ಅದರ ಕೈ ಆಡಬೇಕು. ಹೋದ ವರ್ಷ ಬಸ್ಸು ಮಾಡಿದಾಗ ಬಣ್ಣ ಹಚ್ಚಿದ ರಟ್ಟು ಒಣಗುವಷ್ಟರಲ್ಲಿ ದೋಣಿಯಂತೆ ಬಾಗಿತ್ತು. ಯಾಕೆ? — ತೀರ್ಥಹಳ್ಳಿ

ಮೊದಲು ಮಗನನ್ನೇ ಕೇಳಿ: ಅವನಿಗೆ ಬೇಕಾಗಿರುವುದು ಜೆಸಿಬಿಯೋ, ಹಿಟಾಚಿಯೋ? ನಾವು ಮಣ್ಣು ಅಗೆಯುವ ಎಲ್ಲವನ್ನೂ ಜೆಸಿಬಿ ಅಂದುಬಿಡುತ್ತೇವೆ, ನಾಲ್ಕು ವರ್ಷದವರು ಅನ್ನುವುದಿಲ್ಲ. ಮುಂದೆ ಅಗಲ ಬಕೆಟ್ಟು, ಹಿಂದೆ ಮಡಚುವ ಕೈ, ನಾಲ್ಕು ಟೈರು ಇದ್ದರೆ ಅದು ಜೆಸಿಬಿ. 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅವರ ಹೆಸರಿನ ಮೂರು ಮೊದಲಕ್ಷರಗಳೇ ಯಂತ್ರದ ಹೆಸರಾದವು. ಟೈರಿನ ಬದಲು ಚೈನಿನ ಮೇಲೆ ಓಡುತ್ತ, ಮೇಲಿನ ಭಾಗವೆಲ್ಲ ಗಿರ್ರನೆ ತಿರುಗುವುದು ನಮ್ಮ ಕಡೆಯ ಹಿಟಾಚಿ. ಟಾಟಾ ಹಿಟಾಚಿಯ ಕಾರ್ಖಾನೆಯೊಂದು ಧಾರವಾಡದಲ್ಲೇ ಇದೆ. ಜೆಸಿಬಿಗೆ ಹಿಂದಿನ ಚಕ್ರ ದೊಡ್ಡದು, ಮುಂದಿನದು ಚಿಕ್ಕದು. ನಾಲ್ಕೂ ಒಂದೇ ಅಳತೆಯಲ್ಲಿ ಕತ್ತರಿಸಿದಿರೋ, ಬಂದ ಮೊದಲ ಹುಡುಗನೇ ತಪ್ಪು ಹಿಡಿಯುತ್ತಾನೆ.

ಒಟ್ಟು ಉದ್ದ 120 ಸೆಂ.ಮೀ. ಇಟ್ಟುಕೊಳ್ಳಿ. ಕ್ಯಾಬಿನ್ನಿನ ತಲೆ ನೆಲದಿಂದ 60 ಸೆಂ.ಮೀ., ಹಿಂದಿನ ಚಕ್ರದ ಅಡ್ಡಳತೆ 30, ಮುಂದಿನದು 19. ಚಕ್ರಕ್ಕೆ ಪಾತ್ರೆಯ ಮುಚ್ಚಳ ಇಟ್ಟು ಗೆರೆ ಎಳೆದರೆ ಸಾಕು. ಕೈಯನ್ನು ಮೂರು ತುಂಡಾಗಿ ಕತ್ತರಿಸಿ: ಮೇಲ್ತೋಳು 40, ಮುಂದೋಳು 32, ಬಕೆಟ್ಟು 16 ಸೆಂ.ಮೀ. ಮಕ್ಕಳು ಎಳೆದಾಡುವುದು ಈ ಕೈಯನ್ನೇ.

ರಟ್ಟಿನ ಅಂಚನ್ನು ನೋಡಿ. ಎರಡು ಕಾಗದದ ನಡುವೆ ಅಲೆಅಲೆಯ ಪದರ ಒಂದೇ ದಿಕ್ಕಿಗೆ ಓಡುತ್ತದೆ. ಆ ಅಲೆಗಳ ಗುಂಟ ರಟ್ಟು ಗಟ್ಟಿ, ಅಡ್ಡಕ್ಕೆ ಸಲೀಸಾಗಿ ಮಡಚಿಕೊಳ್ಳುತ್ತದೆ. ಹಾಗಾಗಿ ದೇಹದ ತುಂಡಿನಲ್ಲಿ ಅಲೆ ನೆಟ್ಟಗೆ ಮೇಲಕ್ಕೆ ಹೋಗಬೇಕು, ತೋಳಿನಲ್ಲಿ ಉದ್ದಕ್ಕೆ ಹೋಗಬೇಕು. ಜಾಗ ಉಳಿಸಲೆಂದು ತೋಳನ್ನು ಅಡ್ಡಲಾಗಿ ಕತ್ತರಿಸಿದರೆ ಎರಡೇ ಎಳೆತಕ್ಕೆ ಮೊಣಕೈ ಇಲ್ಲದ ಕಡೆಯೂ ಮೊಣಕೈ ಮೂಡುತ್ತದೆ. ತೋಳಿಗೆ ಎರಡು ಪದರ ಅಂಟಿಸಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.

ಕೀಲಿಗೆ 6 ಎಂಎಂ ದಪ್ಪ, 40 ಎಂಎಂ ಉದ್ದದ ಬೋಲ್ಟು ತನ್ನಿ. ಬರೀ ಬೋಲ್ಟು ಹಾಕಿದರೆ ತೂತು ದೊಡ್ಡದಾಗುತ್ತ ಹೋಗಿ ಕೈ ಜೋತುಬೀಳುತ್ತದೆ, ಏಕೆಂದರೆ ಭಾರವೆಲ್ಲ ಕಾಗದದ ಒಂದು ಅಂಚಿನ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಡಬ್ಬದ ಮುಚ್ಚಳದಿಂದ 6 ಸೆಂ.ಮೀ. ಅಗಲದ ಬಿಲ್ಲೆಗಳನ್ನು ಕತ್ತರಿಸಿ ಎರಡೂ ಬದಿಗೆ ಅಂಟಿಸಿ, ಅದರ ಮೇಲೆ ವಾಷರ್ ಹಾಕಿ. ನಟ್ಟು ಒಂದರ ಬದಲು ಎರಡು ಹಾಕಿ, ಒಂದಕ್ಕೊಂದು ಒತ್ತಿ ಬಿಗಿದರೆ ಕೈ ಆಡಿದರೂ ಸಡಿಲಾಗುವುದಿಲ್ಲ. ಬೋಲ್ಟಿನ ತುದಿ ಹಿಂಬದಿಗಿರಲಿ, ಅದಕ್ಕೊಂದು ಬಾಟಲಿ ಮುಚ್ಚಳ ಅಂಟಿಸಿ.

ಇನ್ನು ಬಾಗಿದ ವಿಷಯ. ನೀರಿನ ಬಣ್ಣ ಹಚ್ಚಿದ ಬದಿಯ ಕಾಗದ ಮೊದಲು ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ. ಹಿಂಬದಿಯ ಕಾಗದ ಇದ್ದ ಹಾಗೇ ಇರುವುದರಿಂದ ರಟ್ಟು ಬಾಗುತ್ತದೆ. ಮುಂದೆ ಬಣ್ಣ ಹಚ್ಚಿದ ಕೂಡಲೇ ಹಿಂದೆಯೂ ಒದ್ದೆ ಬ್ರಷ್ ಆಡಿಸಿ, ಅಥವಾ ಮನೆಯಲ್ಲಿ ಉಳಿದ ಯಾವುದಾದರೂ ಗೋಡೆ ಬಣ್ಣ ಬಳಿಯಿರಿ. ಎರಡೂ ಬದಿ ಸಮನಾಗಿ ಎಳೆಯುತ್ತವೆ. ಪೂರ್ತಿ ಒಣಗುವವರೆಗೆ ಗೋಡೆಗೆ ಒರಗಿಸಬೇಡಿ, ನೆಲದಲ್ಲಿ ಹಾಸಿ.

ಹಳದಿ ಬಲು ತೆಳು ಬಣ್ಣ. ಕೆಳಗಿನ ಕಂಪನಿ ಹೆಸರೂ ಬಾಣದ ಗುರುತೂ ಇಣುಕುತ್ತವೆ. ಮೊದಲು ಬಿಳಿಯ ಒಂದು ಕೋಟ್, ಆಮೇಲೆ ಹಳದಿ ಎರಡು ಕೋಟ್. ಈ ಅಳತೆಗೆ 200 ಮಿ.ಲೀ. ಹಳದಿ ಸಾಕಾಗುತ್ತದೆ. ಬಿಳಿ ಗೋಡೆ ಬಣ್ಣಕ್ಕೆ ಹಳದಿ ಸ್ಟೇನರ್ (ಬಣ್ಣಕ್ಕೆ ಬೆರೆಸುವ ಗಾಢ ದ್ರವ) ಸುರಿದರೆ ಅಗ್ಗವಲ್ಲವೇ ಅನ್ನಿಸಬಹುದು. ಬರುವುದು ಬೆಣ್ಣೆ ಬಣ್ಣ. ಇನ್ನಷ್ಟು ಸುರಿದರೆ ಒಣಗದೆ ಕೈಗೆ ಅಂಟುತ್ತದೆ. ಪೆಟ್ಟಿಗೆಯ ಪ್ಯಾಕಿಂಗ್ ಟೇಪಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಕಿತ್ತರೆ ಕಾಗದವೂ ಕಿತ್ತು ಬರುತ್ತದೆ, ಅದರ ಮೇಲೆ ಹಳೇ ಪೇಪರು ಅಂಟಿಸಿ ಬಳಿಯಿರಿ.

ನಿಲ್ಲಿಸಲು ಹಿಂದೆ 40 ಸೆಂ.ಮೀ. ಎತ್ತರ, 30 ಸೆಂ.ಮೀ. ಬುಡದ ಎರಡು ತ್ರಿಕೋನ ಆಸರೆ ಕೊಡಿ. ಕೈ ಚಾಚಿದಾಗ ಯಂತ್ರ ಆ ಕಡೆಗೆ ವಾಲುತ್ತದೆ. ಮುಂದಿನ ಬಕೆಟ್ಟಿನ ಹಿಂದೆ ನೀರು ತುಂಬಿದ ಒಂದು ಲೀಟರಿನ ಬಾಟಲಿ ಎರಡು ಇಟ್ಟರೆ ಸರಿಹೋಯಿತು.

ರಸ್ತೆಯಲ್ಲಿಡುವ ಕಿತ್ತಳೆ ಕೋನ್ ಹತ್ತು ಹನ್ನೆರಡು ಬೇಕು. ಚಾರ್ಟ್ ಪೇಪರ್ ಸುತ್ತಿದರೆ ಟೊಪ್ಪಿಗೆಯ ಹಾಗೆ ದಪ್ಪ ಆಗುತ್ತದೆ, ಬಿಳಿ ಪಟ್ಟಿಯೂ ಸೊಟ್ಟ ಕೂರುತ್ತದೆ. — ಹುಬ್ಬಳ್ಳಿ

ನೀವು ಅರ್ಧ ವೃತ್ತ ಕತ್ತರಿಸುತ್ತಿದ್ದೀರಿ. ಅದರಿಂದ ಬರುವುದು ಹುಟ್ಟುಹಬ್ಬದ ಟೊಪ್ಪಿಗೆಯೇ. ಕೋನಿಗೆ ಕಾಲು ವೃತ್ತ ಬೇಕು. ಅಂಗಡಿಯ ಚಾರ್ಟ್ ಪೇಪರ್ 56×71 ಸೆಂ.ಮೀ. ಇರುತ್ತದೆ. ಮೂಲೆಯಿಂದ 27 ಸೆಂ.ಮೀ. ದಾರ ಹಿಡಿದು ಕಾಲು ವೃತ್ತ ಎಳೆಯಿರಿ, ಒಂದು ನೇರ ಅಂಚಿಗೆ 1 ಸೆಂ.ಮೀ. ಅಂಟಿಸುವ ಪಟ್ಟಿ ಬಿಡಿ. ಒಂದು ಹಾಳೆಗೆ ನಾಲ್ಕು ಬರುತ್ತವೆ, ಹನ್ನೆರಡಕ್ಕೆ ಮೂರು ಹಾಳೆ. ಸುತ್ತಿದಾಗ ಬುಡ 13.5 ಸೆಂ.ಮೀ., ಎತ್ತರ 26 ಸೆಂ.ಮೀ. ಆಗುತ್ತದೆ. ತುದಿಯಲ್ಲಿ 1 ಸೆಂ.ಮೀ. ಕತ್ತರಿಸಿ ತೆಗೆಯಿರಿ. ಅಲ್ಲಿ ಕಾಗದ ಸುತ್ತಿಕೊಳ್ಳದೆ ನೆರಿಗೆ ಬೀಳುತ್ತದೆ. ನಿಜವಾದ ಕೋನಿನ ತುದಿಯೂ ಮೊಂಡೇ.

ಬಿಳಿ ಪಟ್ಟಿ ಸೊಟ್ಟ ಕೂರುವುದು ಅದು ನೇರವಾಗಿರುವುದರಿಂದ! ಕೋನಿನ ಮೇಲೆ ಸುತ್ತಬೇಕಾದದ್ದು ಬಿಲ್ಲಿನಂತೆ ಬಾಗಿದ ಪಟ್ಟಿ. ಬಿಳಿ ಹಾಳೆಯಲ್ಲಿ ಅದೇ ಮೂಲೆಯಿಂದ 12 ಮತ್ತು 17 ಸೆಂ.ಮೀ.ಗೆ ಎರಡು ಕಮಾನು ಎಳೆದು ನಡುವಿನದನ್ನು ಕತ್ತರಿಸಿ. ಕಿತ್ತಳೆ ಹಾಳೆ ಚಪ್ಪಟೆಯಾಗಿದ್ದಾಗಲೇ ಗ್ಲೂ ಸ್ಟಿಕ್ಕಿನಿಂದ ಅಂಟಿಸಿ ಆಮೇಲೆ ಸುತ್ತಿ. ಫೆವಿಕಾಲ್ ಬೇಡ, ಅದರ ನೀರಿಗೆ ಕಾಗದ ಸುಕ್ಕಾಗುತ್ತದೆ. ಬುಡಕ್ಕೆ 17 ಸೆಂ.ಮೀ. ಚೌಕದ ರಟ್ಟು ಅಂಟಿಸದಿದ್ದರೆ ಫ್ಯಾನ್ ಹಾಕಿದೊಡನೆ ಹನ್ನೆರಡೂ ಮಲಗುತ್ತವೆ.

ಹಳದಿ-ಕಪ್ಪು ಓರೆ ಪಟ್ಟೆಯನ್ನು ಸಮವಾಗಿ ಮಾಡುವುದು ಹೇಗೆ? ಹಾರ್ಡ್‌ವೇರ್ ಅಂಗಡಿಯ ‘ಅಪಾಯ’ ಟೇಪನ್ನೇ ಬಾಗಿಲಿಗೆ ಅಡ್ಡ ಕಟ್ಟಬಹುದೇ? — ದಾವಣಗೆರೆ

ಹಳದಿ ಚಾರ್ಟಿನಿಂದ 10 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದದ ಐದು ಪಟ್ಟಿ ಬರುತ್ತವೆ. ಕೆಳ ಅಂಚಿನಲ್ಲಿ 7 ಸೆಂ.ಮೀ.ಗೊಂದು ಗುರುತು ಹಾಕಿ. ಚೌಕ ಕಾಗದವನ್ನು ಮೂಲೆಗೆ ಮೂಲೆ ಮಡಚಿದರೆ ಓರೆಗೆರೆ ಎಳೆಯಲು ಅಚ್ಚು ಸಿದ್ಧ. ಪಟ್ಟೆಗಳು ಸುಮಾರು 5 ಸೆಂ.ಮೀ. ಅಗಲಕ್ಕೆ ಬರುತ್ತವೆ. ಒಂದು ಬಿಟ್ಟು ಒಂದಕ್ಕೆ ಕರೆಂಟಿನವರ ಕಪ್ಪು ಇನ್ಸುಲೇಷನ್ ಟೇಪನ್ನು ಮೂರು ಸಾಲು ಅಂಟಿಸಿ. ಎಳೆದು ಅಂಟಿಸಬೇಡಿ. ಆ ಟೇಪು ರಬ್ಬರಿನ ಹಾಗೆ ಹಿಂದಕ್ಕೆ ಕುಗ್ಗಿ ಅರ್ಧ ಗಂಟೆಯಲ್ಲಿ ಪಟ್ಟಿಯನ್ನು ಸುರುಳಿ ಮಾಡುತ್ತದೆ.

ಅಪಾಯ ಟೇಪನ್ನು ಗೋಡೆಗೆ, ಮೇಜಿನ ಅಂಚಿಗೆ ಹಾಕಿ. ಓಡುವ ಮಕ್ಕಳ ಕುತ್ತಿಗೆಯ ಎತ್ತರಕ್ಕೆ ಬಾಗಿಲಲ್ಲಾಗಲಿ, ಎರಡು ಕುರ್ಚಿಯ ನಡುವೆಯಾಗಲಿ ಖಂಡಿತ ಬೇಡ. ಆ ಪ್ಲಾಸ್ಟಿಕ್ ಹಿಗ್ಗುತ್ತದೆಯೇ ಹೊರತು ಸುಲಭಕ್ಕೆ ಹರಿಯುವುದಿಲ್ಲ. ಹುಟ್ಟುಹಬ್ಬದ ಮಗು ‘ಉದ್ಘಾಟನೆ’ ಮಾಡಲೇಬೇಕಿದ್ದರೆ ತೆಳು ಕಾಗದದ ಪಟ್ಟಿ ಕಟ್ಟಿ, ಓಡಿ ಬಂದು ಹರಿದುಕೊಂಡು ಹೋಗಲಿ.

ಹೆಲ್ಮೆಟ್ಟನ್ನು ಪೇಪರ್ ಅಂಟಿಸಿ ಬಲೂನಿನ ಮೇಲೆ ಮಾಡಿದೆವು. ಒಳಗೆ ತಗ್ಗು ಬಿದ್ದು, ಮೂರನೇ ದಿನ ಬೂಷ್ಟು ಬಂತು. ಹುಟ್ಟುಹಬ್ಬ ಜುಲೈಯಲ್ಲಿ. — ಉಡುಪಿ

ಜುಲೈ, ಅದೂ ಕರಾವಳಿ! ಒಂದೇ ಸಲಕ್ಕೆ ನಾಲ್ಕೈದು ಪದರ ಹಾಕಿದ್ದೀರಿ ಅನ್ನಿಸುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಉಳಿದು ಬೂಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಬಲೂನಿನ ಗಾಳಿಯೂ ನಿಧಾನವಾಗಿ ಇಳಿದು, ಹಸಿ ಪೇಪರನ್ನು ತನ್ನ ಜೊತೆ ಒಳಕ್ಕೆಳೆಯುತ್ತದೆ.

ಒಂದು ಕಪ್ ಮೈದಾವನ್ನು ಒಂದು ಕಪ್ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಕಪ್ ನೀರಿಗೆ ಸುರಿದು ಎರಡು ಮೂರು ನಿಮಿಷ ತಿರುವಿ. ಅಂಟು ಕೆಡದಿರಲೆಂದು ಪೋಸ್ಟರ್ ಅಂಟಿಸುವವರು ಮೈಲುತುತ್ತು ಹಾಕುತ್ತಾರೆ. ಅದು ವಿಷ, ಮಗುವಿನ ತಲೆಗೆ ಇಡುವ ವಸ್ತುವಿಗೆ ಬೇಡವೇ ಬೇಡ. ಮಗುವಿನ ತಲೆಯ ಸುತ್ತಳತೆಗಿಂತ 3 ಸೆಂ.ಮೀ. ಹೆಚ್ಚಿಗೆ ಬಲೂನು ಊದಿ. ದಿನಕ್ಕೆ ಎರಡೇ ಪದರ, ಫ್ಯಾನಿನ ಕೆಳಗೆ ಒಣಗಲಿ, ಮರುದಿನ ಮತ್ತೆರಡು. ಒಲೆಯ ಹತ್ತಿರ ಇಟ್ಟರೆ ಬಲೂನು ಹಿಗ್ಗಿ ಒಡೆಯುತ್ತದೆ. ಬೆರಳಲ್ಲಿ ತಟ್ಟಿದಾಗ ಡಬ್ಬದಂತೆ ಸದ್ದು ಬಂದ ಮೇಲೆಯೇ ಬಲೂನು ಚುಚ್ಚಿ. ಹತ್ತು ದಿನ ಮುಂಚೆ ಶುರುಮಾಡಿ, ಒಂದನ್ನು ಮಾತ್ರ ಮಾಡಿ. ಬಂದವರಿಗೆಲ್ಲ ಮಾಡಹೊರಟರೆ ಮನೆಯವರು ಮೇಸ್ತ್ರಿ ಕೆಲಸಕ್ಕೇ ಸೇರಬೇಕಾದೀತು.

ಬಾಡಿಗೆ ಮನೆ. ಡಬಲ್ ಸೈಡ್ ಟೇಪು ಗೋಡೆಯ ಬಣ್ಣ ಕೀಳುತ್ತದೆ. ‘ಹುಟ್ಟುಹಬ್ಬದ ಶುಭಾಶಯಗಳು’ ಎಂದು ಕನ್ನಡದಲ್ಲೇ ತೂಗುಹಾಕುವ ಆಸೆ. — ಬೆಂಗಳೂರು

ಗೋಡೆಗೆ ಮೊದಲು ಮಾಸ್ಕಿಂಗ್ ಟೇಪು, ಅದರ ಮೇಲೆ ಡಬಲ್ ಸೈಡ್ ಟೇಪು. ಅಂದೇ ರಾತ್ರಿ ಬಿಚ್ಚಿ. ವಾರ ಬಿಟ್ಟರೆ ಮಾಸ್ಕಿಂಗ್ ಟೇಪೂ ಬಣ್ಣ ಕೀಳುತ್ತದೆ. ಸುಣ್ಣದ ಗೋಡೆಗೆ ಮಾತ್ರ ಯಾವ ಟೇಪೂ ನಿಲ್ಲುವುದಿಲ್ಲ, ಪುಡಿಯೇ ಟೇಪಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಕಿಟಕಿಯ ಸರಳಿಂದ ಸರಳಿಗೆ ದಾರ ಕಟ್ಟುವುದೊಂದೇ ದಾರಿ.

ನಿಮ್ಮ ಸಾಲಿನಲ್ಲಿ ಹನ್ನೊಂದು ಅಕ್ಷರ: ಐದು ಮತ್ತು ಆರು. 14×17.5 ಸೆಂ.ಮೀ. ಅಳತೆಗೆ ಒಂದು ಚಾರ್ಟಿನಿಂದ ಹದಿನಾರು ಬಾವುಟ ಬರುತ್ತವೆ. ಉಳಿದ ಐದರಲ್ಲಿ ಮಗುವಿನ ಹೆಸರು. ಇಂಗ್ಲಿಷ್ ಅಕ್ಷರದ ಹಾಗೆ ನಟ್ಟನಡುವೆ ಬರೆದರೆ ‘ಟ್ಟು’, ‘ಬ್ಬ’ಗಳ ಒತ್ತು ಕೆಳಗೆ ಇಳಿಯಲು ಜಾಗವಿರುವುದಿಲ್ಲ. ಮೇಲೆ 2 ಸೆಂ.ಮೀ. ಬಿಟ್ಟು 9 ಸೆಂ.ಮೀ. ಎತ್ತರಕ್ಕೆ ಅಕ್ಷರ, ಕೆಳಗೆ 4 ಸೆಂ.ಮೀ. ಒತ್ತಿಗೆ. ಒತ್ತಿಲ್ಲದ ಬಾವುಟಕ್ಕೂ ಅದೇ ಗೆರೆ ಹಿಡಿಯಿರಿ, ಇಲ್ಲವಾದರೆ ಸಾಲು ಏರಿಳಿಯುತ್ತದೆ. ಬಾವುಟಗಳ ನಡುವೆ 4 ಸೆಂ.ಮೀ. ಬಿಟ್ಟರೆ ಈ ಹನ್ನೊಂದಕ್ಕೆ ಒಟ್ಟು ಎರಡು ಮೀಟರು, ದಾರ ಮೂರು ಮೀಟರು.

ಪಕ್ಕದಲ್ಲಿ ‘ಕಾಮಗಾರಿ ನಡೆಯುತ್ತಿದೆ, ನಿಧಾನವಾಗಿ ಚಲಿಸಿ’ ಫಲಕ ಹಾಕುವುದಾದರೆ ನಮ್ಮ ರಸ್ತೆಯಂತೆ ಕೆಂಪು ಅಂಚಿನ ತ್ರಿಕೋನ ಮಾಡಿ. ಇಂಥ ಪಾರ್ಟಿಯ ಚಿತ್ರಗಳಲ್ಲಿ ಕಾಣುವ ವಜ್ರಾಕಾರದ ಫಲಕ ಅಮೆರಿಕದ್ದು. ಅದರ ಕೆಳಗೆ ಕನ್ನಡ ಬರೆದರೆ ಏನೋ ಹೊಂದುವುದಿಲ್ಲ.

ಮೇ ತಿಂಗಳು, ಮಹಡಿಯ ಮೇಲೆ ಸಂಜೆ ಪಾರ್ಟಿ. ಬಲೂನ್ ಕಮಾನಿಗೆ ಎಷ್ಟು ಬಲೂನು? — ಬಳ್ಳಾರಿ

ಮೂರು ಮೀಟರಿಗೆ 9 ಇಂಚಿನವು ಸುಮಾರು 90: ಹಳದಿ 50, ಕಪ್ಪು 20, ಕಿತ್ತಳೆ 20. ಹತ್ತು ಹೆಚ್ಚಿಗೆ ತನ್ನಿ. ರಟ್ಟಿನಲ್ಲಿ 8 ಇಂಚಿನ ತೂತು ಮಾಡಿ, ಅದರಲ್ಲಿ ತೂರುವಷ್ಟೇ ಊದಿ. ಎಲ್ಲವೂ ಒಂದೇ ಗಾತ್ರಕ್ಕೆ ಬರುತ್ತವೆ, ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಲೂ ಜಾಗವಿರುತ್ತದೆ. ಬಿಸಿಲಿಗೆ ಮೊದಲು ಒಡೆಯುವುದು ಕಪ್ಪು. ಬಿಸಿಲು ತಾಗಿದ ಬಲೂನು ಹೊಳಪು ಹೋಗಿ ಬೂದಿ ಬಳಿದಂತಾಗುತ್ತದೆ. ಹಾಗಾಗಿ ಮನೆಯೊಳಗೆ ಕಟ್ಟಿಟ್ಟುಕೊಂಡು ಹೊತ್ತು ಇಳಿದ ಮೇಲೆ ಮಹಡಿಗೆ ಒಯ್ಯಿರಿ. ತೇಲುವ ಗ್ಯಾಸ್ ಬಲೂನಿನಲ್ಲಿ ಕೆಲವರು ತುಂಬುವುದು ಹೈಡ್ರೋಜನ್. ಮೇಣದಬತ್ತಿ ಹಚ್ಚುವ ಕಡೆ ಅದು ಬೇಡ.

ತಿಂಡಿ ಮೇಜನ್ನು ಹೇಗೆ ಸಿಂಗರಿಸಲಿ? ಮಗಳಿಗೆ ಐದು ವರ್ಷ, ‘ಹುಡುಗಿಗೆ ಜೆಸಿಬಿಯಾ?’ ಎಂದು ಅತ್ತೆ ನಗುತ್ತಿದ್ದಾರೆ. — ಮೈಸೂರು

ಅತ್ತೆಯವರಿಗೇ ಮೈಸೂರು ಪಾಕ್ ಮಾಡಲು ಹೇಳಿ, ಅದಕ್ಕೆ ‘ಇಟ್ಟಿಗೆ’ ಎಂದು ಚೀಟಿ ಇಡಿ. ಮೊಸರನ್ನ ‘ಕಾಂಕ್ರೀಟು’, ಕೋಡುಬಳೆ ‘ಟೈರು’. ಹೊಸ ಬಾಂಡ್ಲಿ ತೊಳೆದು ಬಾಳೆಲೆ ಹಾಸಿ ಮಂಡಕ್ಕಿ ತುಂಬಿದರೆ ‘ಜಲ್ಲಿ’. ಒಗ್ಗರಣೆ ಮಂಡಕ್ಕಿಯಾದರೆ ಮಕ್ಕಳು ಕೂತ ಮೇಲೆಯೇ ಸುರಿಯಿರಿ, ಗಾಳಿಗೆ ಮೆತ್ತಗಾಗುತ್ತದೆ. ಚಿಕ್ಕ ಮಕ್ಕಳು ಬರುವುದಿದ್ದರೆ ಕಡಲೆಬೀಜ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೇಜಿನ ನಡುವೆ ಡಾಂಬರು ರಸ್ತೆ: ಕಪ್ಪು ಚಾರ್ಟಿನ 28 ಸೆಂ.ಮೀ. ಅಗಲದ ಮೂರು ಪಟ್ಟಿ ಜೋಡಿಸಿದರೆ ಎರಡು ಮೀಟರಿಗೆ ಮೇಲಾಗುತ್ತದೆ. 10 ಸೆಂ.ಮೀ. ಬಿಳಿ ಗೆರೆ, 15 ಸೆಂ.ಮೀ. ಖಾಲಿ. ಕಪ್ಪು ಕ್ರೇಪ್ ಕಾಗದ ಹಾಸಬೇಡಿ, ಪಾನಕ ಚೆಲ್ಲಿದರೆ ಬಣ್ಣ ಬಿಟ್ಟು ಬಟ್ಟೆಗೂ ತಿಂಡಿಗೂ ಹತ್ತುತ್ತದೆ. ಕೇಕಿನ ಮೇಲೆ ಪುಡಿಮಾಡಿದ ಚಾಕೊಲೇಟ್ ಬಿಸ್ಕತ್ತೇ ಮಣ್ಣು. ಆಟದ ಜೆಸಿಬಿಯನ್ನು ತೊಳೆದು ಒರೆಸಿ, ಕೆಳಗೆ ಬೆಣ್ಣೆ ಕಾಗದದ ಚೂರು ಇಟ್ಟು ನಿಲ್ಲಿಸಿ.

ಥರ್ಮೋಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ಗುಳಿ ಬೀಳುತ್ತದೆ. ಮತ್ತೆ, ಕೇಕ್ ಕತ್ತರಿಸುವಾಗ ಸ್ನೋ ಸ್ಪ್ರೇ ಹೊಡೆಯಬಹುದೇ? — ಶಿರಸಿ

ಸ್ಪ್ರೇಯಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ನೀರಿನ ಬಣ್ಣ ಹಚ್ಚಿ. ಗ್ಲೂ ಗನ್ನಿನ ಬಿಸಿಗೂ ಅದು ಕರಗುತ್ತದೆ, ಫೆವಿಕಾಲ್ ಆದೀತು. ಸ್ನೋ ಸ್ಪ್ರೇ ಡಬ್ಬದಿಂದ ನೊರೆಯನ್ನು ಹೊರಗೆ ತಳ್ಳುವ ಅನಿಲ ಸಾಮಾನ್ಯವಾಗಿ ಬೆಂಕಿ ಹಿಡಿಯುವಂಥದ್ದು. ಉರಿಯುವ ಮೇಣದಬತ್ತಿಯ ಮುಂದೆ ಹೊಡೆದರೆ ಉರಿ ಸೀದಾ ಮುಖಕ್ಕೆ ಬರುತ್ತದೆ. ಮೇಣದಬತ್ತಿ ಆರಿಸಿದ ಮೇಲೂ ಬೇಡ, ಬತ್ತಿಯಲ್ಲಿ ಕಿಡಿ ಉಳಿದಿರುತ್ತದೆ. ಹಳದಿ ಕಾಗದದ ಚೂರುಗಳನ್ನು ಚಿಕ್ಕ ಬಕೆಟ್ಟಿನಲ್ಲಿ ತುಂಬಿ ತಲೆಯ ಮೇಲೆ ಸುರಿಯಿರಿ. ಲೋಡು ಇಳಿಸಿದ ಹಾಗೂ ಆಯಿತು, ಗುಡಿಸಿದರೂ ಹೋಗುತ್ತದೆ.