ಕ್ರೈಸ್ತ ಜೀವನದಲ್ಲಿ ನಂಬಿಗಸ್ತಿಕೆಗೆ ಯಾಕಿಷ್ಟು ಬೆಲೆ?

ಯಾಕಂದರೆ ದೇವರ ಮೇಲಿನ ನಂಬಿಕೆ ಹೊರಗೆ ಕಾಣುವುದೇ ಅದರಲ್ಲಿ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಎರಡಕ್ಕೂ ‘ಪಿಸ್ಟಿಸ್’ ಅನ್ನೋ ಒಂದೇ ಪದ.

ಅದರಲ್ಲಿನ ಮತ್ತಾಯ ಪುಸ್ತಕದ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ನೋಡಿ. ಯಜಮಾನ ಪರದೇಶಕ್ಕೆ ಹೋಗುವಾಗ ಮೂವರು ಆಳುಗಳಿಗೆ 5, 2, 1 ತಲಾಂತು ಕೊಡುತ್ತಾನೆ. ತಲಾಂತು ಅಂದರೆ ಆಗಿನ ಕಾಲದ ಭಾರಿ ಮೊತ್ತ. ಐದನ್ನು ಹತ್ತು ಮಾಡಿದವನಿಗೂ, ಎರಡನ್ನು ನಾಲ್ಕು ಮಾಡಿದವನಿಗೂ ಸಿಕ್ಕಿದ್ದು ಒಂದೇ ಹೊಗಳಿಕೆ. ‘ಜಾಣ’ ಅಂತಲ್ಲ, ‘ನಂಬಿಗಸ್ತ’ ಅಂತ! ಮೂರನೆಯವನು ಕದಿಯಲಿಲ್ಲ, ಸುಮ್ನೆ ಹೂತಿಟ್ಟ. ಯಜಮಾನ ಕಠಿಣ ಮನುಷ್ಯ ಅಂತ ಹೆದರಿಬಿಟ್ಟಿದ್ದ. ನನಗನಿಸುವಂತೆ ಗುಟ್ಟು ಇರುವುದು ಇಲ್ಲೇ: ಒಡೆಯನನ್ನೇ ನಂಬದವನು ಅವನ ಕೆಲಸಕ್ಕೆ ಕೈ ಹಾಕುವುದಿಲ್ಲ.

ನಮ್ಮ ಬೀದರ್ ಕಡೆಯ ಹಳ್ಳಿ ಚರ್ಚನ್ನೇ ತಗೊಳ್ಳಿ. ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ಚಾಪೆ ಮೇಲೆ ಕೂತು ಕಾಣಿಕೆ ಎಣಿಸುತ್ತಾರೆ. ಒಂದು ರೂಪಾಯಿ ನಾಣ್ಯವನ್ನೂ ಬಿಡದೆ ವಹಿಗೆ ಬರೆದು, ಪಕ್ಕದವರ ಸಹಿ ಹಾಕಿಸುತ್ತಾರೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ತೊಗರಿ ಮಾರಿದ ದುಡ್ಡನ್ನು ನಾಲ್ಕು ದಿನ ಯಾರ ಹತ್ತಿರವಾದರೂ ಇಡಬೇಕು ಅಂದರೆ, ಜನ ಹೋಗೋದು ಅವರ ಮನೆಗೇ ಅಲ್ವಾ?