ಗಡಿ ದಾಟುವ ಫೋನು, ಗಡಿ ಮೀರದ ಬಿಲ್ಲು

ಈ ಸಲ ಬಂದ ಪತ್ರಗಳಲ್ಲಿ ಪ್ರವಾಸ ಮತ್ತು ಫೋನ್ ಖರ್ಚಿನ ಪ್ರಶ್ನೆಗಳೇ ಜಾಸ್ತಿ. ನಾನು ಒಂದು ಮೊಬೈಲ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ರಜೆ ಮುಗಿಸಿ ಖುಷಿಯಾಗಿ ಬಂದವರು ರೋಮಿಂಗ್ (ನಮ್ಮ ಸಿಮ್ ಬೇರೆ ದೇಶದ ನೆಟ್‌ವರ್ಕ್ ಬಳಸುವುದು) ಬಿಲ್ ನೋಡಿ ಕಂಗಾಲಾಗಿದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಯಾರೂ ದುಂದು ಮಾಡಿದವರಲ್ಲ. ಖರ್ಚು ಮಾಡಿದ್ದು ಅವರ ಫೋನು, ಅವರಿಗೆ ತಿಳಿಯದ ಹಾಗೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮತ್ತು ನಮ್ಮ ಯಜಮಾನರು ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಆಸ್ಟ್ರಿಯಾ ಸುತ್ತಿ ಕೊನೆಗೆ ಲಂಡನ್‌ಗೆ ಹೋಗುತ್ತೇವೆ. ಒಂದೊಂದು ದೇಶಕ್ಕೂ ಒಂದೊಂದು ಸಿಮ್ ಕೊಳ್ಳಬೇಕಾ? ಬ್ಯಾಂಕಿನ ಒಟಿಪಿ ನಮ್ಮ ಹಳೇ ನಂಬರಿಗೇ ಬರುವುದರಿಂದ ಅದನ್ನು ತೆಗೆದಿಡುವ ಹಾಗೂ ಇಲ್ಲ.

ಉತ್ತರ: ಖಂಡಿತ ಬೇಡ. ಮೊದಲು ನಿಮ್ಮ ನಂಬರನ್ನೂ ಇಂಟರ್ನೆಟ್ಟನ್ನೂ ಬೇರೆ ಬೇರೆಯಾಗಿ ಯೋಚಿಸಿ. ಹಳೇ ಸಿಮ್ ಫೋನಿನಲ್ಲೇ ಇರಲಿ, ಆದರೆ ಅದರ ಕೆಲಸ ಒಟಿಪಿ ತೆಗೆದುಕೊಳ್ಳುವುದು ಮಾತ್ರ. ಇಂಟರ್ನೆಟ್ ಬೇರೆ ಸಿಮ್‌ನಿಂದ ಬರಲಿ. ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬಂದರೆ ಹೆಚ್ಚಿನ ಕಂಪನಿಗಳು ದುಡ್ಡು ಹಾಕುವುದಿಲ್ಲ. ಆದರೆ ಹೊರಡುವ ಮೊದಲೇ ಆ ನಂಬರಿಗೆ ರೋಮಿಂಗ್ ಸೇವೆ ಚಾಲೂ ಆಗಿರಬೇಕು. ಇಲ್ಲದಿದ್ದರೆ ಅಲ್ಲಿ ಸಿಗ್ನಲ್ಲೇ ಸಿಗುವುದಿಲ್ಲ, ಒಟಿಪಿ ಎಲ್ಲಿಂದ ಬರಬೇಕು? ಸೇವೆ ಚಾಲೂ ಇರಲಿ, ಆ ಸಿಮ್‌ನ ಡೇಟಾ ರೋಮಿಂಗ್, ಅಂದರೆ ಹೊರದೇಶದಲ್ಲಿ ಅದರ ಇಂಟರ್ನೆಟ್, ಮಾತ್ರ ಆಫ್ ಇರಲಿ. ಇವೆರಡೂ ಬೇರೆ ಬೇರೆ ಸಂಗತಿ.

ಇನ್ನು ಇಂಟರ್ನೆಟ್. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಒಂದು ಒಳ್ಳೆಯ ನಿಯಮವಿದೆ. ಅಲ್ಲಿನ ಒಂದು ದೇಶದ ಸಿಮ್ಮನ್ನು ಒಕ್ಕೂಟದ ಇನ್ನೊಂದು ದೇಶದಲ್ಲಿ ಬಳಸಿದರೆ ರೋಮಿಂಗ್ ಎಂದು ಹೆಚ್ಚು ದುಡ್ಡು ಕೇಳುವಂತಿಲ್ಲ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಕೂಡ ಇದರೊಳಗೆ ಬರುತ್ತವೆ. ಅಂದರೆ ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ರೋಮ್‌ನಲ್ಲೂ ವಿಯೆನ್ನಾದಲ್ಲೂ ನಡೆಯುತ್ತದೆ. ಆದರೆ ಕೊಳ್ಳುವಾಗ ಎರಡು ವಿಷಯ ಕೇಳಿ. ಕೆಲವು ಅಗ್ಗದ ಪ್ಲ್ಯಾನ್‌ಗಳು ಆ ದೇಶದೊಳಗೆ ಮಾತ್ರ ನಡೆಯುತ್ತವೆ. ಇನ್ನು ಕೆಲವದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಡೇಟಾದ ಒಂದು ಪಾಲನ್ನು ಮಾತ್ರ ಹೊರದೇಶದಲ್ಲಿ ಬಳಸಬಹುದು, ಆ ಪಾಲು ಎಷ್ಟು ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ.

ನಿಮ್ಮ ಪಟ್ಟಿಯಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಸ್ವಿಟ್ಜರ್ಲೆಂಡ್ ಮತ್ತು ಲಂಡನ್. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಬ್ರಿಟನ್ ಹೊರಗೆ ಬಂದಿದೆ. ಈ ನಿಯಮ ಅಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ಈ ಎರಡು ದೇಶಗಳನ್ನು ಸೇರಿಸುತ್ತವೆ, ಕೆಲವು ಇಲ್ಲ. ಆದ್ದರಿಂದ ನಿಮಗೆ ನನ್ನ ಸಲಹೆ, ಐದೂ ದೇಶಗಳ ಹೆಸರು ಬರೆದಿರುವ ಒಂದು ಪ್ರಾದೇಶಿಕ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿಗೇ ಇಳಿಸಿಕೊಳ್ಳುವ, ಹಲವು ದೇಶಗಳಲ್ಲಿ ನಡೆಯುವ ಸಿಮ್. ಪ್ಯಾಕಿನ ಮೇಲೆ ‘ಯುರೋಪ್’ ಎಂದು ಇದ್ದರೆ ಸಾಲದು, ಒಳಗಿನ ದೇಶಗಳ ಪಟ್ಟಿ ಓದಿ. ನಿಮ್ಮ ಫೋನಿನಲ್ಲಿ ಇ-ಸಿಮ್ ಇಲ್ಲದಿದ್ದರೆ ಯಜಮಾನರ ಫೋನ್ ನೋಡಿ. ಒಂದರಲ್ಲಿದ್ದರೂ ಸಾಕು, ಅದರ ಹಾಟ್‌ಸ್ಪಾಟ್‌ನಿಂದ ಇನ್ನೊಂದು ಫೋನ್ ನಡೆಯುತ್ತದೆ. ಆ ಪ್ಯಾಕ್ ಹಾಟ್‌ಸ್ಪಾಟ್‌ಗೆ ಬಿಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮೂರು ದಿನಕ್ಕೊಂದು ದೇಶ ಬದಲಾಯಿಸುವವರು ಅಂಗಡಿ ಹುಡುಕುತ್ತಾ ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಲ್ಲುವುದು ಬೇಡ. ಜರ್ಮನಿ, ಇಟಲಿಯಂಥ ಕಡೆ ಪ್ರೀಪೇಯ್ಡ್ ಸಿಮ್‌ಗೂ ಗುರುತಿನ ದಾಖಲೆ ಬೇಕೇ ಬೇಕು. ಒಂದೇ ದೇಶದಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಮಾತ್ರ ಆ ಓಡಾಟ ಲಾಭ.

ಪ್ರಶ್ನೆ: ಇ-ಸಿಮ್ ಹಾಕಿಕೊಂಡೇ ಹೋಗಿದ್ದೆ. ಮೊದಲ ದಿನ ಇಂಟರ್ನೆಟ್ ಬರಲೇ ಇಲ್ಲ. ಆಮೇಲೆ ಬಂತು, ಆದರೆ ಮನೆಗೆ ಬಂದ ಮೇಲೆ ಹಳೇ ನಂಬರಿಗೂ ಡೇಟಾ ಬಿಲ್ ಬಂದಿದೆ. ಹೇಗೆ?

ಉತ್ತರ: ಈ ಎರಡಕ್ಕೂ ಕಾರಣ ಒಂದೇ ಸೆಟ್ಟಿಂಗ್ ಪುಟದಲ್ಲಿದೆ. ಪ್ರವಾಸದ ಇ-ಸಿಮ್ ಸಾಮಾನ್ಯವಾಗಿ ಯಾವುದೋ ಮೂರನೇ ದೇಶದ ಕಂಪನಿಯದು. ಎಲ್ಲಿ ಹೋದರೂ ಅದು ರೋಮಿಂಗ್‌ನಲ್ಲೇ ಇರುತ್ತದೆ. ಹಾಗಾಗಿ ಆ ಲೈನಿಗೆ ಡೇಟಾ ರೋಮಿಂಗ್ ಆನ್ ಇರಲೇಬೇಕು. ‘ರೋಮಿಂಗ್ ಅಂದರೆ ದುಡ್ಡು’ ಎಂಬ ಭಯದಿಂದ ಜನ ಅದನ್ನು ಆಫ್ ಮಾಡುತ್ತಾರೆ, ಇಂಟರ್ನೆಟ್ ಬರುವುದಿಲ್ಲ. ಆಮೇಲೆ ಗಾಬರಿಯಲ್ಲಿ ಎರಡೂ ಲೈನಿಗೆ ಆನ್ ಮಾಡುತ್ತಾರೆ. ನಿಮಗೂ ಹಾಗೇ ಆಗಿರಬಹುದು. ಐಫೋನ್‌ನಲ್ಲಿ ‘ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್’ ಎಂದೊಂದಿದೆ. ಬೇರೆ ಎರಡು ಸಿಮ್ ಫೋನುಗಳಲ್ಲೂ ಇಂಥದ್ದು ಇರುತ್ತದೆ. ಒಂದು ಲೈನಿನ ಸಿಗ್ನಲ್ ಕೆಟ್ಟರೆ ಫೋನು ತಾನೇ ಇನ್ನೊಂದಕ್ಕೆ ಹಾರಲು ಅದು ಬಿಡುತ್ತದೆ. ಹಳೇ ಲೈನಿನ ಡೇಟಾ ರೋಮಿಂಗ್ ಕೂಡ ಆನ್ ಇದ್ದರೆ ಬಿಲ್ ಅಲ್ಲೇ ಹುಟ್ಟುತ್ತದೆ. ಈ ಸ್ವಿಚ್ ಆಫ್ ಇರಲಿ. ಇನ್ನೊಂದು ಮಾತು. ಕೆಲವು ಕಂಪನಿಗಳ ದಿನದ ರೋಮಿಂಗ್ ಪ್ಯಾಕ್ ತಾನಾಗಿ ಶುರುವಾಗುತ್ತದೆ. ಹಳೇ ಲೈನಿನಲ್ಲಿ ಒಂದು ಚೂರು ಡೇಟಾ ಹರಿದರೂ ಇಡೀ ದಿನದ ದುಡ್ಡು ಬೀಳುತ್ತದೆ.

ಇ-ಸಿಮ್ಮನ್ನು ಪ್ರವಾಸ ಮುಗಿಯುವವರೆಗೆ ಡಿಲೀಟ್ ಮಾಡಬೇಡಿ. ಅದನ್ನು ಫೋನಿಗೆ ಹಾಕಿಕೊಳ್ಳಲು ಕೊಡುವ ಎಷ್ಟೋ ಕ್ಯೂಆರ್ ಕೋಡ್‌ಗಳು ಒಂದೇ ಸಲ ಕೆಲಸ ಮಾಡುತ್ತವೆ.

ಪ್ರಶ್ನೆ: ನನ್ನ ತಂದೆ ಹೊರದೇಶದಲ್ಲಿ ಒಂದು ಕರೆಯನ್ನೂ ಎತ್ತಿಲ್ಲ. ಆದರೂ ಕರೆಗಳ ಬಿಲ್ ಬಂದಿದೆ. ಕಂಪನಿಯವರು ಸರಿಯಾಗಿದೆ ಅನ್ನುತ್ತಾರೆ. ಇದು ಮೋಸ ಅಲ್ವಾ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮೋಸ ಅನ್ನುವುದಕ್ಕಿಂತ ಯಾರೂ ಮೊದಲೇ ತಿಳಿಸಿ ಹೇಳದ ಲೆಕ್ಕ ಇದು. ಇದರ ಹಿಂದೆ ಹೆಚ್ಚಾಗಿ ವಾಯ್ಸ್‌ಮೇಲ್ (ಎತ್ತದ ಕರೆಯ ಸಂದೇಶ ಹಿಡಿದಿಡುವ ಸೇವೆ) ಅಥವಾ ಕಾಲ್ ಫಾರ್ವರ್ಡ್ (ಕರೆಯನ್ನು ಬೇರೆ ನಂಬರಿಗೆ ಕಳಿಸುವುದು) ಇರುತ್ತದೆ. ಅಪ್ಪನ ಫೋನ್ ಆನ್ ಇದೆ, ಯಾರೋ ಕರೆ ಮಾಡಿದರು. ಕರೆ ಮೊದಲು ಹೊರದೇಶಕ್ಕೆ ಹೋಯಿತು, ಅದು ಒಂದು ರೋಮಿಂಗ್ ಕರೆ. ಅವರು ಎತ್ತಲಿಲ್ಲ. ಆಗ ಕರೆ ವಾಪಸ್ ತಾಯ್ನಾಡಿನ ವಾಯ್ಸ್‌ಮೇಲ್‌ಗೆ ಬಂತು, ಅದು ಇನ್ನೊಂದು ಅಂತರರಾಷ್ಟ್ರೀಯ ಕರೆ. ಎರಡಕ್ಕೂ ದುಡ್ಡು! ಹೊರಡುವ ಮೊದಲು ##002# ಎಂದು ಒತ್ತಿ ಕರೆ ಬಟನ್ ಒತ್ತಿದರೆ ಸಾಮಾನ್ಯವಾಗಿ ಎಲ್ಲ ಫಾರ್ವರ್ಡ್‌ಗಳೂ ರದ್ದಾಗುತ್ತವೆ. ಬಿಲ್ಲಿನಲ್ಲಿ ಆ ಕರೆಗಳು ಜೋಡಿ ಜೋಡಿಯಾಗಿ, ಒಂದೇ ಹೊತ್ತಿಗೆ ಇವೆಯೇ ನೋಡಿ. ಇದ್ದರೆ ಅದನ್ನೇ ತೋರಿಸಿ ರಿಯಾಯಿತಿ ಕೇಳಿ. ಹಾಗೆ ಕೇಳಿದವರಿಗೆ ನಾವು ಎಷ್ಟೋ ಸಲ ದುಡ್ಡು ಬಿಟ್ಟಿದ್ದೇವೆ.

ತಂದೆಯವರು ಕ್ರೂಸ್ ಅಥವಾ ಫೆರ್ರಿ ಹತ್ತಿದ್ದರೇ ಎಂದೂ ಕೇಳಿ. ದಡ ದೂರವಾದ ಮೇಲೆ ಫೋನು ಹಡಗಿನದೇ ನೆಟ್‌ವರ್ಕ್ ಹಿಡಿಯುತ್ತದೆ. ಅದು ಉಪಗ್ರಹದ ಮೂಲಕ ನಡೆಯುವಂಥದ್ದು, ತುಂಬಾ ದುಬಾರಿ. ಯುರೋಪಿನ ಆ ಒಳ್ಳೆಯ ನಿಯಮವೂ ಅಲ್ಲಿ ನಡೆಯುವುದಿಲ್ಲ. ನಾನು ನೋಡಿದ ಭಯಂಕರ ಬಿಲ್ಲುಗಳಲ್ಲಿ ಹಲವು ಹಡಗಿನವೇ. ಹಡಗು ಹೊರಟ ತಕ್ಷಣ ಏರೋಪ್ಲೇನ್ ಮೋಡ್ ಹಾಕಬೇಕು. ಭೂಮಿಯ ಮೇಲೂ ಗಡಿಯ ಊರುಗಳಲ್ಲಿ ಎಚ್ಚರ ಬೇಕು. ಜಿನೀವಾದ ಆಚೆ ಬದಿಯ ಫ್ರಾನ್ಸ್‌ನ ಊರಿನಲ್ಲಿ ಕೂತಿದ್ದರೂ ಫೋನು ಸ್ವಿಸ್ ಟವರ್ ಹಿಡಿಯಬಹುದು. ಅಂಥಲ್ಲಿ ನೆಟ್‌ವರ್ಕನ್ನು ಕೈಯಾರೆ ಆರಿಸಿ.

ಪ್ರಶ್ನೆ: ಹೊಸ ಸಿಮ್ ಹಾಕಿದರೆ ವಾಟ್ಸ್‌ಆ್ಯಪ್ ಹೋಗಿಬಿಡುತ್ತದಾ?

ಉತ್ತರ: ಇಲ್ಲ. ಅದು ಹಳೇ ನಂಬರಿನಲ್ಲೇ ನಡೆಯುತ್ತದೆ. ‘ನಂಬರ್ ಬದಲಿಸಬೇಕೇ’ ಎಂದು ಕೇಳಿದರೆ ಬೇಡ ಅನ್ನಿ.

ಪ್ರಶ್ನೆ: ಅಮ್ಮನಿಗೆ ಹಳೇ ಕೀಪ್ಯಾಡ್ ಫೋನೇ ಇಷ್ಟ. ಅಮೆರಿಕ, ಆಸ್ಟ್ರೇಲಿಯಾಕ್ಕೆ ಅದನ್ನೇ ಕಳಿಸಬಹುದೇ?

ಉತ್ತರ: ಅದು 2ಜಿ ಅಥವಾ 3ಜಿ ಫೋನ್ ಆಗಿದ್ದರೆ ಬೇಡಮ್ಮಾ. ಆಸ್ಟ್ರೇಲಿಯಾದಲ್ಲಿ 3ಜಿ 2024ರಲ್ಲೇ ಮುಚ್ಚಿತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ ನಿಲ್ಲಿಸಿದವು. 4ಜಿ ಮೇಲೆ ಮಾತಾಡುವ, ಅಂದರೆ ವೋಲ್ಟಿ ಇರುವ ಕೀಪ್ಯಾಡ್ ಫೋನ್‌ಗಳೂ ಸಿಗುತ್ತವೆ. ಆದರೆ ಅದು ಆ ದೇಶದ ನೆಟ್‌ವರ್ಕಿಗೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿ. ವಯಸ್ಸಾದವರು ತುರ್ತಿನಲ್ಲಿ ಕರೆ ಮಾಡಲಾಗದೆ ಒದ್ದಾಡುವ ಸ್ಥಿತಿ ಬರಬಾರದು. ಎಲ್ಲ ನಂಬರುಗಳನ್ನೂ ಪ್ಲಸ್ ಚಿಹ್ನೆ ಮತ್ತು ದೇಶದ ಕೋಡ್ ಜತೆ ಸೇವ್ ಮಾಡಿಕೊಡಿ.

ಪ್ರಶ್ನೆ: ಚೀನಾ ಮತ್ತು ದುಬೈ ಎರಡಕ್ಕೂ ಹೋಗುತ್ತಿದ್ದೇನೆ. ಹೋಟೆಲಿನ ವೈಫೈ ಸಾಕಲ್ಲ?

ಉತ್ತರ: ದುಬೈನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಆದರೆ ಅದರ ಕರೆಗಳನ್ನು ಅಲ್ಲಿ ತಡೆದಿದ್ದಾರೆ. ಮನೆಯವರಿಗೆ ವಾಯ್ಸ್ ಮೆಸೇಜ್ ಕಳಿಸುವುದು ಸುಲಭ. ಚೀನಾದಲ್ಲಿ ಮಾತ್ರ ವೈಫೈ ನಂಬಿಕೊಂಡು ಹೋಗಬೇಡಿ. ಹೋಟೆಲ್ ವೈಫೈ ಆಗಲಿ, ಅಲ್ಲಿನ ಸಿಮ್ ಆಗಲಿ, ಗೂಗಲ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ಆದರೆ ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ಸಿಮ್ ಕೊಟ್ಟ ಕಂಪನಿಯ ದೇಶದ ಮೂಲಕ ಹಾದು ಬರುತ್ತದೆ. ಆದ್ದರಿಂದ ಹೊರಗಿನ ಪ್ರವಾಸಿ ಇ-ಸಿಮ್‌ನಲ್ಲಿ ಇವು ಸಾಮಾನ್ಯವಾಗಿ ನಡೆಯುತ್ತವೆ. ಆ ಇ-ಸಿಮ್ಮನ್ನು ಹೊರಡುವ ಮೊದಲೇ ಕೊಂಡು ಫೋನಿಗೆ ಹಾಕಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಕೊಳ್ಳೋಣ ಅಂದರೆ ಮಾರುವವರ ವೆಬ್‌ಸೈಟೇ ತೆರೆಯದೆ ಹೋಗಬಹುದು.